ಹೊಸ ಟ್ಯಾಂಕ್, 9 ದಿನಕ್ಕೆ 5 ಮೀನು ಸತ್ತಿವೆ. ಉಳಿದವನ್ನು ಉಳಿಸಿಕೊಳ್ಳುವುದು ಹೇಗೆ?

ಹೊಸಟ್ಯಾಂಕ್_ಮೈಸೂರು:

ಎಲ್ಲರಿಗೂ ನಮಸ್ಕಾರ. 2 ಅಡಿ ಉದ್ದ, 1 ಅಡಿ ಅಗಲ, 15 ಇಂಚು ಎತ್ತರದ ಗಾಜಿನ ಟ್ಯಾಂಕ್. ಇಟ್ಟು 9 ದಿನ ಆಯ್ತು. ಒಳಗೆ 8 ಕೆ.ಜಿ. ಸಣ್ಣ ಜಲ್ಲಿ, ಪ್ಲಾಸ್ಟಿಕ್ ಗಿಡ, ಒಂದು ಇಂಟರ್ನಲ್ ಪವರ್ ಫಿಲ್ಟರ್ ಇದೆ. ಮೊದಲ ದಿನ ಸಂಜೆಯೇ 4 ಗೋಲ್ಡ್ ಫಿಶ್, 6 ಗಪ್ಪಿ, 1 ಸಕ್ಕರ್ ಬಿಟ್ಟಿದ್ದು. ದಿನಕ್ಕೆ ಎರಡು ಸಲ ಆಹಾರ.

4ನೇ ದಿನ ನೀರು ಅಕ್ಕಚ್ಚಿನ ಹಾಗೆ ಬೆಳ್ಳಗಾಯಿತು. ಪೂರ್ತಿ ನೀರು ಬದಲಾಯಿಸಿ, ಸ್ಪಂಜನ್ನು ನಲ್ಲಿ ಕೆಳಗೆ ಚೆನ್ನಾಗಿ ತೊಳೆಯಿರಿ, ನೀಲಿ ಔಷಧ ನಾಲ್ಕು ಹನಿ ಬಿಡಿ ಅಂತ ಅಂಗಡಿಯಲ್ಲಿ ಹೇಳಿದರು. ಮೂರೂ ಮಾಡಿದೆ. 6ನೇ ದಿನಕ್ಕೆ ನೀರು ಮತ್ತೆ ಬೆಳ್ಳಗೆ. ಇಲ್ಲಿವರೆಗೆ 3 ಗಪ್ಪಿ, 2 ಗೋಲ್ಡ್ ಫಿಶ್ ಹೋದವು. ಉಳಿದ ಗೋಲ್ಡ್ ಫಿಶ್ ಎರಡೂ ಮೇಲೆ ಬಂದು ಬಾಯಿ ಬಡಿಯುತ್ತಿವೆ. ನಮ್ಮ ಸಂಪಿನಲ್ಲಿ ಕಾವೇರಿ ನೀರೂ ಬೋರ್ ನೀರೂ ಬೆರೆತಿರುತ್ತೆ. ಈಗಲೇ ಏನು ಮಾಡಬೇಕು ದಯವಿಟ್ಟು ತಿಳಿಸಿ.

ಕೆರೆದಂಡೆ:

ಮೊದಲು ಇವತ್ತಿನ ಕೆಲಸ, ಕಾರಣ ಆಮೇಲೆ ನೋಡೋಣ.

ಆಹಾರ ನಿಲ್ಲಿಸಿ. ಎರಡು ದಿನ ಒಂದು ಕಾಳೂ ಬೇಡ. ಈ ಮೀನುಗಳು ಎರಡು ದಿನದ ಉಪವಾಸಕ್ಕೆ ಸಾಯುವುದಿಲ್ಲ, ಆದರೆ ಈಗ ಹಾಕುವ ಆಹಾರಕ್ಕೆ ಸಾಯಬಹುದು. ಹಳೆಯ ತುಣುಕುಗಳು ಜಲ್ಲಿಯ ಸಂದಿಯಲ್ಲಿ ಕೊಳೆಯುತ್ತಿರುತ್ತವೆ. ಪೈಪಿನ ಬಾಯನ್ನು ಜಲ್ಲಿಗೆ ಚುಚ್ಚಿ ಚುಚ್ಚಿ ನೀರು ಎಳೆಯಿರಿ, ಕಸ ಅದರ ಜೊತೆಗೇ ಬರುತ್ತೆ. ಅರ್ಧದಷ್ಟು ನೀರು ತೆಗೆದರೆ ಸಾಕು, ಪೂರ್ತಿ ಖಾಲಿ ಮಾಡಬೇಡಿ.

ನಿಮ್ಮ ಟ್ಯಾಂಕಿನಲ್ಲಿ ನಿಜವಾಗಿ ಎಷ್ಟು ನೀರಿದೆ ಅಂತ ಗೊತ್ತಿರಬೇಕು. ಒಳ ಅಳತೆ ಸುಮಾರು 60 × 30 ಸೆಂ.ಮೀ., ನೀರಿನ ಎತ್ತರ 33 ಸೆಂ.ಮೀ. ಅಂತ ಇಟ್ಟುಕೊಳ್ಳಿ. ಗುಣಿಸಿ 1000ದಿಂದ ಭಾಗಿಸಿದರೆ 59 ಲೀಟರ್. 8 ಕೆ.ಜಿ. ಜಲ್ಲಿ ಸುಮಾರು 3 ಲೀಟರ್ ಜಾಗ ತಿನ್ನುತ್ತೆ. ಅಲ್ಲಿಗೆ 55 ಲೀಟರ್ ಅನ್ನಿ. ಔಷಧ, ಉಪ್ಪು ಎಲ್ಲದಕ್ಕೂ ಇದೇ ಲೆಕ್ಕ.

ಹೊಸ ನೀರನ್ನು 15 ಲೀಟರಿನ ಎರಡು ಬಕೆಟ್ಟಿನಲ್ಲಿ ಹಿಡಿದು ಆ್ಯಂಟಿ-ಕ್ಲೋರಿನ್ ಹಾಕಿ, ಕೈಯಾಡಿಸಿ, ಹತ್ತು ನಿಮಿಷ ಬಿಡಿ. ಅಂಗಡಿಯ ಬಾಟಲಿ ಆದರೆ ಅದರ ಮೇಲೆ ಬರೆದಷ್ಟು. ಸೋಡಿಯಂ ಥಯೋಸಲ್ಫೇಟ್ ಹರಳು ಸಿಕ್ಕರೆ 10 ಗ್ರಾಂ ತೂಗಿ 100 ಮಿ.ಲೀ. ನೀರಿನಲ್ಲಿ ಕರಗಿಸಿಟ್ಟುಕೊಳ್ಳಿ, 10 ಲೀಟರಿಗೆ 1 ಮಿ.ಲೀ. ಸಾಕು. ನಲ್ಲಿ ನೀರಿನಲ್ಲಿ ಸಾಮಾನ್ಯವಾಗಿ ಇರುವ ಕ್ಲೋರಿನ್‌ಗೆ ಅದು ಧಾರಾಳ. ಸಂಪಿನಲ್ಲಿ ನೀರು ಎರಡು ದಿನ ನಿಂತಿತ್ತು, ಕ್ಲೋರಿನ್ ಹೋಗಿರುತ್ತೆ ಅಂತ ನಂಬಬೇಡಿ. ಮುಚ್ಚಿದ ಸಂಪಿನಲ್ಲಿ ಅದು ಬೇಗ ಹೋಗುವುದಿಲ್ಲ.

ಹೊಸ ನೀರಿನ ತಾಪ ಟ್ಯಾಂಕಿನ ನೀರಿಗಿಂತ 2 ಡಿಗ್ರಿಗಿಂತ ಹೆಚ್ಚು ಆಚೀಚೆ ಇರಬಾರದು. ಬಕೆಟ್ಟು ಎತ್ತಿ ಸುರಿಯಬೇಡಿ, ಚೊಂಬಿನಲ್ಲಿ ನಿಧಾನಕ್ಕೆ. ಫಿಲ್ಟರಿನ ಬಾಯಿ ನೀರಿನ ಮಟ್ಟಕ್ಕೆ ಬರುವ ಹಾಗೆ ಮೇಲೇರಿಸಿ, ಮೇಲ್ಮೈ ಕಲಕುತ್ತಿರಲಿ. ಏರ್ ಪಂಪ್ ಇದ್ದರೆ ರಾತ್ರಿಯೂ ಓಡಲಿ. ನೀಲಿ ಔಷಧ ಇನ್ನು ಒಂದು ಹನಿಯೂ ಬೇಡ.

ಈಗ ಕಾರಣ. ಮೀನು ತಿಂದದ್ದರಲ್ಲಿನ ಸಾರಜನಕದ ಹೆಚ್ಚಿನ ಪಾಲು ಅದರ ಕಿವಿರಿನಿಂದ ಅಮೋನಿಯಾ ಆಗಿ ನೀರಿಗೆ ಬರುತ್ತೆ. ಹಳೆಯ ಟ್ಯಾಂಕಿನಲ್ಲಿ ಒಂದು ಜಾತಿಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತೆ, ಇನ್ನೊಂದು ಜಾತಿ ಆ ನೈಟ್ರೈಟನ್ನು ನೈಟ್ರೇಟ್ ಮಾಡುತ್ತೆ. ಮೊದಲೆರಡೂ ವಿಷ, ನೈಟ್ರೇಟನ್ನು ವಾರದ ನೀರು ಬದಲಾವಣೆಯಲ್ಲಿ ಹೊರಹಾಕಬಹುದು. ಈ ಬ್ಯಾಕ್ಟೀರಿಯಾಗಳು ನೀರಿನಲ್ಲಿ ತೇಲುತ್ತಾ ಇರುವುದು ಬಹಳ ಕಡಿಮೆ. ಸ್ಪಂಜಿನ ರಂಧ್ರಗಳಲ್ಲಿ, ಜಲ್ಲಿಯ ಮೈಮೇಲೆ ಅಂಟಿಕೊಂಡು ಬೆಳೆಯುತ್ತವೆ, ಅದೂ ನಿಧಾನವಾಗಿ. ಪೂರ್ತಿ ನೆಲೆಯಾಗಲು 4ರಿಂದ 6 ವಾರ ಬೇಕು. ನಿಮ್ಮ ಸ್ಪಂಜಿನಲ್ಲಿ 4 ದಿನಕ್ಕೆ ಅಂಟಿದ್ದ ಚೂರುಪಾರು ಕ್ಲೋರಿನ್ ನೀರಿಗೆ ಸತ್ತಿತು, ಉಳಿದಿದ್ದಕ್ಕೆ ನೀಲಿ ಔಷಧ ಬಿತ್ತು. ಹಾಗಾಗಿ ಲೆಕ್ಕ ಮತ್ತೆ ಮೊದಲ ದಿನಕ್ಕೆ ಹೋಯಿತು.

ಬೆಳ್ಳಗಾಗಿದ್ದು ಬೇರೆ ಬ್ಯಾಕ್ಟೀರಿಯಾ. ಮಿಕ್ಕ ಆಹಾರ ತಿಂದು ಗಂಟೆಗಳಲ್ಲಿ ದುಪ್ಪಟ್ಟಾಗುವಂಥವು. ಅವು ಮೀನಿಗೆ ನೇರವಾಗಿ ತೊಂದರೆ ಕೊಡುವುದಿಲ್ಲ, ಆದರೆ ಆಮ್ಲಜನಕ ಎಳೆದುಕೊಳ್ಳುತ್ತವೆ. ಆಹಾರ ನಿಂತರೆ ವಾರ, ಹತ್ತು ದಿನದಲ್ಲಿ ತಾನಾಗಿ ತಿಳಿಯಾಗುತ್ತೆ. ನೀರು ಬೆಳ್ಳಗಿದೆ ಅಂತ ಮಾತ್ರಕ್ಕೆ ಪೂರ್ತಿ ನೀರು ಚೆಲ್ಲಬೇಡಿ.

ಅಮೋನಿಯಾ, ನೈಟ್ರೈಟ್, ಪಿಎಚ್ ಮೂರನ್ನೂ ಅಳೆದು ಸಂಖ್ಯೆ ಹಾಕಿ. ಕಾಗದದ ಪಟ್ಟಿ ಬೇಡ, ಹನಿ ಹಾಕುವ ಕಿಟ್ ತನ್ನಿ. ಬಹಳ ಪಟ್ಟಿಗಳಲ್ಲಿ ಅಮೋನಿಯಾ ಇರುವುದೇ ಇಲ್ಲ.

ಹೊಸಟ್ಯಾಂಕ್_ಮೈಸೂರು:

ತುಂಬಾ ಥ್ಯಾಂಕ್ಸ್ ಸರ್. ಎಪಿಐ ಕಿಟ್ ತಂದೆ. ನೀರು ಬದಲಾಯಿಸುವ ಮೊದಲು ಅಳೆದದ್ದು: ಅಮೋನಿಯಾ 4 ಪಿಪಿಎಂ (ಲೀಟರಿಗೆ 4 ಮಿಲಿಗ್ರಾಂ), ನೈಟ್ರೈಟ್ 0, ಪಿಎಚ್ 8.0. ನೀರಿನಲ್ಲಿ ಕರಗಿದ ಲವಣ ಅಳೆಯುವ ಟಿಡಿಎಸ್ ಪೆನ್ 640 ತೋರಿಸುತ್ತೆ. ತಾಪ 27. ಅರ್ಧ ನೀರು ಬದಲಾಯಿಸಿ ಆಯ್ತು. ಬಾಯಿ ಬಡಿಯುವುದು ಸ್ವಲ್ಪ ಕಡಿಮೆ ಇದೆ. ಒಂದೇ ಸಲ ಸಾಕಾ?

ನೀರಿನಳತೆ:

ಸಾಲದು. ನಿಮ್ಮ ಪಿಎಚ್ 8.0 ಇರುವುದರಿಂದ 4 ಪಿಪಿಎಂ ಅನ್ನುವುದು ಬಹಳ ದೊಡ್ಡ ಸಂಖ್ಯೆ.

ಕಿಟ್ ತೋರಿಸುವುದು ಒಟ್ಟು ಅಮೋನಿಯಾ. ಅದರಲ್ಲಿ ಎರಡು ರೂಪ ಇದೆ: ಅಮೋನಿಯಂ ಅಯಾನು, ಅದು ಮೀನಿಗೆ ಅಷ್ಟು ಮಾರಕವಲ್ಲ, ಇನ್ನೊಂದು ಬಿಡಿ ಅಮೋನಿಯಾ, ಕಿವಿರನ್ನು ಸುಡುವುದು ಇದು. ಎರಡರ ಪ್ರಮಾಣವನ್ನು ಪಿಎಚ್ ಮತ್ತು ತಾಪ ನಿರ್ಧರಿಸುತ್ತವೆ. 27 ಡಿಗ್ರಿಯಲ್ಲಿ ಪಿಎಚ್ 7 ಇದ್ದರೆ ಬಿಡಿ ಅಮೋನಿಯಾ ಶೇಕಡಾ 1ಕ್ಕಿಂತ ಕಡಿಮೆ. ಪಿಎಚ್ 8 ಆದರೆ ಸುಮಾರು ಶೇಕಡಾ 6. ಅಂದರೆ ನಿಮ್ಮ ನೀರಿನಲ್ಲಿ 0.24 ಪಿಪಿಎಂ ಇತ್ತು. 0.05 ದಾಟಿದರೇ ಕಿವಿರು ಹಾಳಾಗುತ್ತೆ ಅಂತ ಇಟ್ಟುಕೊಳ್ಳಿ. ಗಪ್ಪಿ ಯಾಕೆ ಸತ್ತವು ಅನ್ನುವುದಕ್ಕೆ ಬೇರೆ ಕಾರಣ ಹುಡುಕಬೇಕಿಲ್ಲ.

ಅರ್ಧ ನೀರು ತೆಗೆದರೆ ಒಟ್ಟು ಅರ್ಧವಾಗುತ್ತೆ, ಅಷ್ಟೇ. 4 ಇದ್ದದ್ದು ಈಗ 2. ಇವತ್ತು ರಾತ್ರಿ ಮಲಗುವ ಮೊದಲು ಇನ್ನೊಂದು ಅರ್ಧ ಬದಲಾಯಿಸಿದರೆ 1. ನಾಳೆ ಬೆಳಿಗ್ಗೆ ಮತ್ತೊಂದು ಮಾಡಿದರೆ 0.5ರ ಹತ್ತಿರ ಬರುತ್ತೆ. ಮೂರೂ ನೀರು ಒಂದೇ ಸಂಪಿನದು, ಟಿಡಿಎಸ್, ಪಿಎಚ್ ಒಂದೇ ಆಗಿರುವುದರಿಂದ ಮೀನಿಗೆ ಪೆಟ್ಟು ಬೀಳುವುದಿಲ್ಲ. ಅಲ್ಲಿಂದ ಮುಂದೆ ದಿನಾ ಒಂದೇ ಹೊತ್ತಿಗೆ ಅಳೆಯಿರಿ. ಅಮೋನಿಯಾ ಮತ್ತು ನೈಟ್ರೈಟ್ ಕೂಡಿಸಿ 0.5ಕ್ಕಿಂತ ಮೇಲಿದ್ದರೆ ಅವತ್ತು ಅರ್ಧ ಬದಲಾಯಿಸಿ, ಕೆಳಗಿದ್ದರೆ ಕೈ ಹಾಕಬೇಡಿ. ಪೂರ್ತಿ ಸೊನ್ನೆ ಮಾಡಲೂ ಹೋಗಬೇಡಿ. ಬ್ಯಾಕ್ಟೀರಿಯಾಕ್ಕೂ ಊಟ ಬೇಕು, 0.25 ಇದ್ದರೂ ಅವು ಬೆಳೆಯುತ್ತವೆ.

ಅಳೆಯುವಾಗ ತಪ್ಪು ಆಗುವುದು ಎಲ್ಲಿ ಅಂತ ಹೇಳುತ್ತೇನೆ. ಗಾಜಿನ ನಳಿಕೆಯನ್ನು ಮೊದಲು ಟ್ಯಾಂಕಿನ ನೀರಿನಲ್ಲೇ ತೊಳೆದು, 5 ಮಿ.ಲೀ. ಗೆರೆಗೆ ಸರಿಯಾಗಿ ನೀರು ಹಿಡಿಯಿರಿ. ಅಮೋನಿಯಾಕ್ಕೆ ಮೊದಲ ಬಾಟಲಿಯಿಂದ 8 ಹನಿ, ಎರಡನೆಯದರಿಂದ 8 ಹನಿ. ಬಾಟಲಿ ನೆಟ್ಟಗೆ ತಲೆಕೆಳಗೆ ಹಿಡಿಯಬೇಕು, ಓರೆ ಹಿಡಿದರೆ ಹನಿಯ ಗಾತ್ರ ಬದಲಾಗುತ್ತೆ. 5 ಸೆಕೆಂಡ್ ಜೋರಾಗಿ ಅಲ್ಲಾಡಿಸಿ 5 ನಿಮಿಷ ಕಾಯಿರಿ. ಬಣ್ಣ ನೋಡುವುದು ಟ್ಯೂಬ್‌ಲೈಟ್ ಕೆಳಗಲ್ಲ, ಹಗಲಿನ ಬೆಳಕಿನಲ್ಲಿ, ಬಿಳಿ ಕಾಗದಕ್ಕೆ ಒತ್ತಿ ಹಿಡಿದು. ಸೊನ್ನೆ ಅಂದರೆ ನಿಂಬೆ ಸಿಪ್ಪೆಯ ಹಳದಿ. ಚೂರು ಹಸಿರು ಬೆರೆತರೂ ಅಮೋನಿಯಾ ಇದೆ ಅಂತಲೇ ಅರ್ಥ. ಒಮ್ಮೆ ನಿಮ್ಮ ಸಂಪಿನ ನೀರನ್ನೂ ಅಳೆದುಬಿಡಿ. ಮೂಲದಲ್ಲೇ ಎಷ್ಟಿದೆ ಅಂತ ಗೊತ್ತಾಗುತ್ತೆ.

ನೈಟ್ರೈಟ್ ಈಗ 0 ಇರುವುದನ್ನು ನೋಡಿ ಸಮಾಧಾನ ಪಡಬೇಡಿ. ಮೊದಲ ಜಾತಿಯ ಬ್ಯಾಕ್ಟೀರಿಯಾ ಇನ್ನೂ ಕೆಲಸ ಶುರು ಮಾಡಿಲ್ಲ ಅಂತ ಅದರ ಅರ್ಥ. ಇನ್ನೊಂದು ವಾರ, ಹತ್ತು ದಿನಕ್ಕೆ ಅಮೋನಿಯಾ ಇಳಿಯುತ್ತಾ ನೈಟ್ರೈಟ್ ಏರುತ್ತೆ. ಅದು ರಕ್ತಕ್ಕೆ ಸೇರಿದರೆ ರಕ್ತ ಆಮ್ಲಜನಕ ಹೊರುವ ಶಕ್ತಿ ಕಳೆದುಕೊಳ್ಳುತ್ತೆ. ಮೀನಿನ ಕಿವಿರು ಕೆಂಪಗಿರುವ ಬದಲು ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗುತ್ತೆ. ಗೋಲ್ಡ್ ಫಿಶ್ ಕಿವಿರಿನ ಮುಚ್ಚಳ ತೆರೆದಾಗ ಟಾರ್ಚ್ ಬಿಟ್ಟು ನೋಡಿದರೆ ಕಾಣುತ್ತೆ. ಏರ್ ಪಂಪ್ ಜೋರಾಗಿ ಓಡುತ್ತಿದ್ದರೂ ಮೀನು ಏದುಸಿರು ಬಿಡುವುದು ಇದಕ್ಕೇ.

ಅದಕ್ಕೆ ಮುನ್ನೆಚ್ಚರಿಕೆ ಉಪ್ಪು. ಅಯೋಡಿನ್ ಇಲ್ಲದ ಕಲ್ಲುಪ್ಪು, 10 ಲೀಟರಿಗೆ 3 ಗ್ರಾಂ. ನಿಮ್ಮ ಟ್ಯಾಂಕಿಗೆ 16 ಗ್ರಾಂ, ಅಡುಗೆಮನೆ ತಕ್ಕಡಿಯಲ್ಲಿ ತೂಗಿ. ಒಂದು ಲೋಟ ನೀರಿನಲ್ಲಿ ಕರಗಿಸಿ ಹಾಕಿ, ಹರಳು ಹಾಗೇ ಹಾಕಿದರೆ ತಳದಲ್ಲಿರುವ ಸಕ್ಕರ್ ಮೈಗೆ ತಾಗುತ್ತೆ. ಉಪ್ಪಿನ ಕ್ಲೋರೈಡ್ ಕಿವಿರಿನಲ್ಲಿ ನೈಟ್ರೈಟ್ ಒಳಗೆ ಹೋಗುವ ದಾರಿಗೆ ಅಡ್ಡ ನಿಲ್ಲುತ್ತೆ. ನೀರು ಬದಲಾಯಿಸಿದಾಗ ತೆಗೆದ ನೀರಿನ ಜೊತೆ ಹೋದಷ್ಟೇ ಉಪ್ಪು ಮತ್ತೆ ಸೇರಿಸಿ: 30 ಲೀಟರ್ ಬದಲಾಯಿಸಿದರೆ 9 ಗ್ರಾಂ. ನೀರು ಆವಿಯಾಗಿ ಕಡಿಮೆಯಾದದ್ದನ್ನು ತುಂಬಿಸುವಾಗ ಉಪ್ಪು ಹಾಕಬಾರದು. ಉಪ್ಪು ಆವಿಯಾಗುವುದಿಲ್ಲ, ಅಲ್ಲೇ ಇರುತ್ತೆ.

ಎರಡು ದಿನದ ಮೇಲೆ ಆಹಾರ ಶುರು ಮಾಡಿದಾಗ ದಿನ ಬಿಟ್ಟು ದಿನ, ಒಂದು ನಿಮಿಷದಲ್ಲಿ ಪೂರ್ತಿ ಮುಗಿಯುವಷ್ಟು. ಲೆಕ್ಕ ಹೇಳುತ್ತೇನೆ: ಶೇಕಡಾ 40 ಪ್ರೋಟೀನ್ ಇರುವ 1 ಗ್ರಾಂ ಆಹಾರದಲ್ಲಿ ಸುಮಾರು 64 ಮಿಲಿಗ್ರಾಂ ಸಾರಜನಕ ಇರುತ್ತೆ. ಅದು ತಿನ್ನದೆ ಕೊಳೆತರೆ 55 ಲೀಟರಿನಲ್ಲಿ 1 ಪಿಪಿಎಂ ದಾಟುತ್ತೆ. ಒಂದು ದೊಡ್ಡ ಚಿಟಿಕೆ ಸಾಕು, ನಿಮ್ಮ ಒಂದು ದಿನದ ನೀರು ಬದಲಾವಣೆ ಅಳಿಸಿಹೋಗಲು.

ಧಾರವಾಡ_ಅಕ್ವೇರಿಯಂ:

ಇಬ್ರೂ ಹೇಳಿದ್ದು ಖರೇ ಅದ. ನಾಕು ವಾರ ಕಾಯೋದನ್ನ ಕಡಿಮಿ ಮಾಡೋ ದಾರಿ ಒಂದ ಐತಿ, ಅದನ್ನ ಹೇಳ್ತೀನಿ. ಪರಿಚಯದವರ ಮನ್ಯಾಗ ಆರು ತಿಂಗಳಿಂದ ಚಲೋ ನಡದಿರೋ ಟ್ಯಾಂಕ್ ಇದ್ರ, ಅವರ ಫಿಲ್ಟರಿನ ಒಂದು ಸ್ಪಂಜ್ ಕೇಳ್ರಿ. ಅವರಿಗೆ ನೀವು ಹೊಸದು ಕೊಡ್ರಿ. ಅದನ್ನ ತೊಳೀಬ್ಯಾಡ್ರಿ. ಅವರ ಟ್ಯಾಂಕಿನ ನೀರೊಳಗ ಮುಳುಗಿಸಿ, ಚೀಲದಾಗ ಅರ್ಧ ಗಾಳಿ ಬಿಟ್ಟು, ಒಂದೆರಡು ತಾಸಿನೊಳಗ ನಿಮ್ಮ ಟ್ಯಾಂಕಿಗೆ ತಂದು ಹಾಕ್ರಿ. ಫಿಲ್ಟರಿನ್ಯಾಗ ಹಿಡೀಲಿಲ್ಲ ಅಂದ್ರ ನೀರು ಎಳಿಯೋ ಬಾಯಿಗೆ ದಾರದಿಂದ ಕಟ್ಟಿಬಿಡ್ರಿ. ಒಣಗಿದ್ರ ಮುಗೀತು, ಬರೇ ಸ್ಪಂಜ್ ಉಳೀತದ. ಅವರ ಮೀನಿಗೆ ಬಿಳಿ ಚುಕ್ಕಿ ಆಗೇತೇನು ಅಂತ ಮೊದಲ ಕೇಳ್ರಿ, ಸ್ಪಂಜಿನ ಜೋಡಿ ರೋಗಾನೂ ಬರ್ತದ.

ಹಳೇ ಟ್ಯಾಂಕಿನ ನೀರು ಒಂದು ಬಕೆಟ್ ತಂದು ಹಾಕಿದ್ರ ಆಗ್ತದ ಅಂತ ಭಾಳ ಮಂದಿ ಹೇಳ್ತಾರ. ಅದರಿಂದ ಏನೂ ಆಗಂಗಿಲ್ಲ. ಬ್ಯಾಕ್ಟೀರಿಯಾ ಸ್ಪಂಜಿಗೆ ಅಂಟಿರ್ತಾವ, ನೀರಾಗ ಇರಂಗಿಲ್ಲ.

ಬಾಟಲಿಯೊಳಗ ಬರೋ ಬ್ಯಾಕ್ಟೀರಿಯಾ ಹಾಕಿದ್ರ ತಪ್ಪೇನಿಲ್ಲ, ಖರೆ ಅದನ್ನ ನಂಬಿ ಅಳಿಯೋದು ಬಿಡಬ್ಯಾಡ್ರಿ. ಬ್ಯಾಸಿಗ್ಯಾಗ ಲಾರಿಯೊಳಗ ಕುದ್ದು ಬಂದಿದ್ದು ಜೀವ ಇರ್ತದೋ ಇಲ್ಲೋ ಬಾಟಲಿ ನೋಡಿದ್ರ ತಿಳಿಯಂಗಿಲ್ಲ.

ಸ್ಪಂಜ್ ಇನ್ನ ಮುಂದ ತೊಳಿಯೋದು ಹಿಂಗ: ನೀರು ಬದಲಿ ಮಾಡುವಾಗ ತಗದ ಟ್ಯಾಂಕಿನ ನೀರು ಬಕೆಟ್‌ನ್ಯಾಗ ಇರ್ತದಲ್ಲ, ಅದರಾಗ ಎರಡು ಮೂರು ಸಲ ಹಿಂಡ್ರಿ, ಮತ್ತ ಜಾಗಾಕ್ಕ ಇಡ್ರಿ. ಕಂದು ಬಣ್ಣ ಉಳೀಬೇಕು. ಅದೂ ನೀರಿನ ಓಟ ಕಡಿಮಿ ಆದಾಗ ಅಷ್ಟ. ಮೊದಲ ಆರು ವಾರ ಮುಟ್ಟದಿದ್ರ ಚಲೋ.

ಕರೆಂಟ್ ಹೋಗೋದರ ಬಗ್ಗೆ ಯಾರೂ ಬರದಿಲ್ಲ. ರಾತ್ರಿ ಕರೆಂಟ್ ಹೋದ್ರ ಫಿಲ್ಟರ್ ನಿಲ್ತದ, ಬೆಳ್ಳಗಾದ ನೀರಾಗ ಆಮ್ಲಜನಕ ಮೊದಲ ಕಡಿಮಿ, ಎರಡು ಮೂರು ತಾಸಿನ್ಯಾಗ ಮೀನ ಮ್ಯಾಲ ಬರ್ತಾವ. ಯುಎಸ್‌ಬಿ ಏರ್ ಪಂಪ್ ಒಂದು ತಗೊಂಡು ಪವರ್ ಬ್ಯಾಂಕಿಗೆ ಹಚ್ಚಿ ಇಡ್ರಿ. ಏನೂ ಇಲ್ಲಂದ್ರ ಅರ್ಧ ತಾಸಿಗೊಮ್ಮೆ ಚೊಂಬಿನಿಂದ ನೀರು ತಗದು ಒಂದು ಗೇಣು ಮ್ಯಾಲಿಂದ ಹತ್ತಿಪ್ಪತ್ತು ಸಲ ಸುರೀರಿ.

ಕಿಟಕಿ_ಪಕ್ಕ:

ಇದನ್ನೆಲ್ಲ ಓದಿ ಭಯ ಆಯ್ತು. ನಾನಿನ್ನೂ ಮೀನು ತಂದಿಲ್ಲ, ಇದೇ ಅಳತೆಯ ಟ್ಯಾಂಕ್ ಖಾಲಿ ಇದೆ. ಬೆಂಗಳೂರಿನ ಅಪಾರ್ಟ್‌ಮೆಂಟ್, ಬೋರ್ ನೀರಿಗೆ ಸಾಫ್ಟ್‌ನರ್ ಹಾಕಿದ್ದಾರೆ. ಬರೀ ಆರ್‌ಒ ನೀರು ಹಾಕಿದರೆ ಒಳ್ಳೆಯದಲ್ವಾ?

ಕೆರೆದಂಡೆ:

ಮೀನು ತರುವ ಮೊದಲೇ ಕೇಳಿದಿರಿ ಮೇಡಂ, ಬಹಳ ಒಳ್ಳೆಯದಾಯಿತು.

ಬರೀ ಆರ್‌ಒ ನೀರು ಬೇಡ. ಅಮೋನಿಯಾ ತಿನ್ನುವ ಬ್ಯಾಕ್ಟೀರಿಯಾ ಆ ಕೆಲಸದಲ್ಲಿ ನೀರಿನ ಕ್ಷಾರೀಯತೆಯನ್ನೂ, ಅಂದರೆ ಪಿಎಚ್ ಕುಸಿಯದಂತೆ ತಡೆಯುವ ಶಕ್ತಿಯನ್ನೂ, ಖರ್ಚು ಮಾಡುತ್ತವೆ. 1 ಮಿಲಿಗ್ರಾಂ ಅಮೋನಿಯಾ ಸಾರಜನಕಕ್ಕೆ ಸುಮಾರು 7 ಮಿಲಿಗ್ರಾಂ ಕ್ಷಾರೀಯತೆ ಹೋಗುತ್ತೆ. ಆರ್‌ಒ ನೀರಿನಲ್ಲಿ ಅದು ಇರುವುದೇ ಅಷ್ಟಕ್ಕಷ್ಟೆ. ಕೆಲವೇ ವಾರದಲ್ಲಿ ಪಿಎಚ್ 6ಕ್ಕೆ ಕುಸಿಯುತ್ತೆ, ಬ್ಯಾಕ್ಟೀರಿಯಾ ಕೆಲಸ ಬಹುಮಟ್ಟಿಗೆ ನಿಲ್ಲುತ್ತೆ. ಸಾಫ್ಟ್‌ನರ್ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಷಿಯಂ ಹೋಗಿ ಸೋಡಿಯಂ ಬಂದಿರುತ್ತೆ. ಟಿಡಿಎಸ್ ಹಾಗೇ ಇರುತ್ತೆ. ಗಪ್ಪಿ, ಮೋಲಿಗೆ ಕ್ಯಾಲ್ಸಿಯಂ ಬೇಕೇ ಬೇಕು. ಸಾಫ್ಟ್‌ನರ್‌ಗೆ ಮುಂಚಿನ ಬೋರ್ ನೀರು ಸಿಗುತ್ತಾ ಅಂತ ಕೇಳಿ. ಅದು 1 ಬಕೆಟ್, ಆರ್‌ಒ 1 ಬಕೆಟ್ ಬೆರೆಸಿದರೆ ಚೆನ್ನ. ಒಂದೇ ಅನುಪಾತವನ್ನು ಪ್ರತಿ ಸಲ ಪಾಲಿಸಿ. ಬೋರ್ ನೀರನ್ನು ಹಿಡಿದ ಕೂಡಲೇ ಹಾಕಬಾರದು. ಅದರಲ್ಲಿ ಇಂಗಾಲಾಮ್ಲ ತುಂಬಿರುತ್ತೆ, ಆಮ್ಲಜನಕ ಕಡಿಮೆ. ಏರ್ ಪಂಪ್ ಹಾಕಿ ಒಂದು ರಾತ್ರಿ ಬಿಟ್ಟು ಬೆಳಿಗ್ಗೆ ಅಳೆದರೆ ಪಿಎಚ್ ಎಷ್ಟು ಏರಿರುತ್ತೆ ಅಂತ ನೀವೇ ನೋಡುತ್ತೀರಿ.

ಸಂಪ್ ತೊಳೆದು ಬ್ಲೀಚಿಂಗ್ ಪೌಡರ್ ಹಾಕುವ ದಿನ ಯಾವುದು ಅಂತ ಸೆಕ್ಯುರಿಟಿಯವರನ್ನೋ ಪ್ಲಂಬರನ್ನೋ ಕೇಳಿಟ್ಟುಕೊಳ್ಳಿ. ಅದರ ಮುಂದಿನ ಮೂರು ದಿನ ನೀರು ಬದಲಾಯಿಸಬೇಡಿ. ಮಾಮೂಲಿ ಅಳತೆಯ ಆ್ಯಂಟಿ-ಕ್ಲೋರಿನ್ ಅಷ್ಟು ಕ್ಲೋರಿನ್‌ಗೆ ಸಾಲುವುದಿಲ್ಲ.

ಮೀನಿಲ್ಲದೆ ಟ್ಯಾಂಕ್ ಹದ ಮಾಡುವುದು ಹೀಗೆ. ಲ್ಯಾಬ್ ರಾಸಾಯನಿಕ ಮಾರುವ ಅಂಗಡಿಯಲ್ಲಿ ಶುದ್ಧ ಅಮೋನಿಯಂ ಕ್ಲೋರೈಡ್ ಸಿಗುತ್ತೆ. ಕಲಾಯಿಯವರು ಬಳಸುವ ನವಸಾಗರವೂ ಅದೇ ವಸ್ತು, ಆದರೆ ಅದರಲ್ಲಿ ಏನು ಬೆರೆತಿರುತ್ತೋ ತಿಳಿಯದು, ಅದು ಬೇಡ. 10 ಗ್ರಾಂ ಪುಡಿಯನ್ನು 500 ಮಿ.ಲೀ. ನೀರಿನಲ್ಲಿ ಕರಗಿಸಿಡಿ. 55 ಲೀಟರಿಗೆ 15 ಮಿ.ಲೀ. ಹಾಕಿದರೆ ಕಿಟ್ ಸುಮಾರು 2 ಪಿಪಿಎಂ ತೋರಿಸುತ್ತೆ. ಫಿಲ್ಟರ್ ಹಗಲೂ ರಾತ್ರಿ ಓಡಲಿ, ದೀಪ ಆರಿಸಿಡಿ, ನೀರು 27–28 ಡಿಗ್ರಿ ಇದ್ದರೆ ಬೇಗ ಆಗುತ್ತೆ. ಬೆಂಗಳೂರಿನ ಡಿಸೆಂಬರ್ ರಾತ್ರಿಯಲ್ಲಿ ಅಷ್ಟು ಇರಬೇಕಾದರೆ 50 ವ್ಯಾಟ್ ಹೀಟರ್ ಬೇಕು; ಮಂಗಳೂರಿನವರಿಗೆ ಆ ಖರ್ಚಿಲ್ಲ.

ಎರಡು ದಿನಕ್ಕೊಮ್ಮೆ ಅಳೆಯಿರಿ. ಅಮೋನಿಯಾ 0.5ಕ್ಕೆ ಇಳಿದಾಗ ಮತ್ತೆ 15 ಮಿ.ಲೀ. ನೈಟ್ರೈಟ್ 5 ಪಿಪಿಎಂ ಮುಟ್ಟಿ ಕಿಟ್ಟಿನ ಕೊನೆಯ ಬಣ್ಣಕ್ಕೆ ಬಂದರೆ ಅರ್ಧ ನೀರು ಬದಲಾಯಿಸಿ. ಈ ನೈಟ್ರೈಟ್ ಹಂತವೇ ಉದ್ದ, ಎರಡು ವಾರ ಒಂದೇ ಬಣ್ಣ ನೋಡಿ ಬೇಸರ ಆಗುತ್ತೆ, ಬಿಡಬೇಡಿ. ಒಂದು ದಿನ ಬೆಳಿಗ್ಗೆ 15 ಮಿ.ಲೀ. ಹಾಕಿ ಮಾರನೆಯ ಬೆಳಿಗ್ಗೆ ಅಳೆದಾಗ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ಬಂದರೆ ಟ್ಯಾಂಕ್ ಸಿದ್ಧ. ಸೇರಿಕೊಂಡ ನೈಟ್ರೇಟ್ ಹೋಗಲು ಮುಕ್ಕಾಲು ನೀರು ಬದಲಾಯಿಸಿ, ಅವತ್ತೋ ಮಾರನೇ ದಿನವೋ ಮೀನು ತನ್ನಿ. ವಾರ ಖಾಲಿ ಬಿಡಬೇಡಿ, ಊಟವಿಲ್ಲದೆ ಬ್ಯಾಕ್ಟೀರಿಯಾ ಸೊರಗುತ್ತವೆ.

ಹೊಸಟ್ಯಾಂಕ್_ಮೈಸೂರು:

ಮೂರನೇ ಬದಲಾವಣೆ ಆದಮೇಲೆ ಅಮೋನಿಯಾ 0.5. ಮೀನು ಮಧ್ಯದಲ್ಲಿ ಈಜುತ್ತಿವೆ. ಗೆಳೆಯರ ಮನೆಯ ಸ್ಪಂಜು ನಾಳೆ ಸಿಗುತ್ತೆ. ಗೋಲ್ಡ್ ಫಿಶ್ ಇಟ್ಟುಕೊಳ್ಳಬಹುದಾ? ಮುಂದೆ ಗಪ್ಪಿ ತರುವಾಗ ಚೀಲದ ನೀರಿಗೆ ಹನಿ ಹನಿಯಾಗಿ ನಮ್ಮ ನೀರು ಬೆರೆಸಿ ಒಂದು ಗಂಟೆ ಬಿಡಬೇಕಾ?

ನೀರಿನಳತೆ:

ಗೋಲ್ಡ್ ಫಿಶ್ ಎರಡನ್ನೂ ಈ ವಾರವೇ ದೊಡ್ಡ ಟ್ಯಾಂಕ್ ಅಥವಾ ತೊಟ್ಟಿ ಇರುವವರಿಗೆ ಕೊಟ್ಟುಬಿಡಿ. ಅವು ಅಂಗೈ ಉದ್ದ ಬೆಳೆಯುತ್ತವೆ, ಗಪ್ಪಿಗಿಂತ ಎಷ್ಟೋ ಪಟ್ಟು ಗಲೀಜು ಮಾಡುತ್ತವೆ. 55 ಲೀಟರ್ ಅವಕ್ಕೆ ಸಾಲದು. ಸಕ್ಕರ್ ಕೂಡ ಒಂದು ಅಡಿ ದಾಟುವ ಮೀನು, ಅಂಗಡಿಗೆ ಹಿಂತಿರುಗಿಸಿ. ಯಾವ ಕಾರಣಕ್ಕೂ ಕೆರೆಗೆ ಬಿಡಬೇಡಿ. ಅದು ನಮ್ಮ ನಾಡಿನ ಮೀನಲ್ಲ, ಕೆರೆಯಲ್ಲಿ ಬೇರೂರಿದರೆ ಸ್ಥಳೀಯ ಮೀನುಗಳ ಜಾಗ ತಿನ್ನುತ್ತೆ. 3 ಗಪ್ಪಿಗಳಷ್ಟೇ ಇದ್ದರೆ ನಿಮ್ಮ ಅಮೋನಿಯಾ ತಾನಾಗಿ ಹಿಡಿತಕ್ಕೆ ಬರುತ್ತೆ. ಅಮೋನಿಯಾ, ನೈಟ್ರೈಟ್ ಎರಡೂ ಸತತ ಒಂದು ವಾರ ಸೊನ್ನೆ ಬಂದಮೇಲೆ 3 ಗಪ್ಪಿ ಸೇರಿಸಿ, ಎರಡು ವಾರ ನೋಡಿ, ಆಮೇಲೆ ಇನ್ನು ಬೇಕಾದರೆ.

ಹನಿ ಹನಿ ಬೆರೆಸುವುದು ಸರಿ, ಒಂದು ಗಂಟೆ ಬಿಡಿ.

ಕೆರೆದಂಡೆ:

ಕೊನೆಯ ಮಾತಿಗೆ ಒಂದು ತಿದ್ದುಪಡಿ ಬೇಕು. ಊರಿನ ಅಂಗಡಿಯಿಂದ ಅರ್ಧ ಗಂಟೆಯಲ್ಲಿ ತಂದ ಮೀನಿಗೆ ಅದು ಸರಿ. ಕೊರಿಯರ್‌ನಲ್ಲೋ ರಾತ್ರಿ ಬಸ್ಸಿನಲ್ಲೋ ಬಂದ ಚೀಲಕ್ಕೆ ಹಾಗೆ ಮಾಡಬಾರದು. ಹತ್ತು ಹನ್ನೆರಡು ಗಂಟೆ ಮುಚ್ಚಿದ ಚೀಲದಲ್ಲಿ ಅಮೋನಿಯಾ ಕೂಡಿರುತ್ತೆ, ಜೊತೆಗೆ ಮೀನಿನ ಉಸಿರಿನ ಇಂಗಾಲಾಮ್ಲ ಪಿಎಚ್ ಇಳಿಸಿರುತ್ತೆ. ಪಿಎಚ್ ಕಡಿಮೆ ಇರುವವರೆಗೆ ಆ ಅಮೋನಿಯಾ ಅಷ್ಟು ಕಚ್ಚುವುದಿಲ್ಲ. ಚೀಲ ಬಿಚ್ಚಿದ ಕೂಡಲೇ ಇಂಗಾಲಾಮ್ಲ ಹಾರಿ ಪಿಎಚ್ ಏರುತ್ತೆ, ಅದೇ ಅಮೋನಿಯಾ ವಿಷವಾಗುತ್ತೆ. ಒಂದು ಗಂಟೆ ಅದರಲ್ಲೇ ಬಿಟ್ಟರೆ ಮೀನು ಕಣ್ಣೆದುರೇ ಹೋಗುತ್ತೆ. ಅಂಥ ಚೀಲವನ್ನು ಮುಚ್ಚಿದಂತೆಯೇ 15–20 ನಿಮಿಷ ತೇಲಿಸಿ, ತಾಪ ಸರಿಹೋದ ಮೇಲೆ ಬಿಚ್ಚಿ, ಮೀನನ್ನು ಬಲೆಯಲ್ಲಿ ತಕ್ಷಣ ಟ್ಯಾಂಕಿಗೆ ಬಿಡಿ.

ನೀರಿನಳತೆ:

ಒಪ್ಪಿದೆ, ಆ ವ್ಯತ್ಯಾಸ ನಾನು ಬರೆಯಬೇಕಿತ್ತು. ಹತ್ತಿರದ ಅಂಗಡಿಯದಾದರೆ: 15 ನಿಮಿಷ ತೇಲಿಸಿ, ಬಿಚ್ಚಿ, 5 ನಿಮಿಷಕ್ಕೊಮ್ಮೆ ಅರ್ಧ ಲೋಟ ಟ್ಯಾಂಕಿನ ನೀರು ಸೇರಿಸುತ್ತಾ 40 ನಿಮಿಷ. ಅಂಗಡಿ ನೀರಿನ ಟಿಡಿಎಸ್ 200 ಇದ್ದು ನಿಮ್ಮದು 640 ಇದ್ದರೆ ಒಂದು ಗಂಟೆಗೆ ಎಳೆಯಿರಿ. ಟಿಡಿಎಸ್ ಪೆನ್ ಜೇಬಿನಲ್ಲಿ ಹಾಕಿಕೊಂಡೇ ಅಂಗಡಿಗೆ ಹೋಗಿ, ಮೀನು ಇರುವ ತೊಟ್ಟಿಯ ನೀರನ್ನೇ ಅಳೆಯಿರಿ. ಎರಡೂ ಸಂದರ್ಭದಲ್ಲಿ ಚೀಲದ ನೀರು ಟ್ಯಾಂಕಿಗೆ ಬೀಳಬಾರದು, ಸಿಂಕಿಗೆ ಚೆಲ್ಲಿ. ಅವತ್ತು ದೀಪ ಬೇಡ, ಆಹಾರವೂ ಬೇಡ. ಮಾರನೇ ಬೆಳಿಗ್ಗೆ ಅಮೋನಿಯಾ ಅಳೆದು ಇಲ್ಲೇ ಹಾಕಿ.